ಲಾಯಿಲದ ಹೆದ್ದಾರಿ ಬದಿಯಲ್ಲಿ ಹೊಗೆ ಓದುವವರು

ರಾಷ್ಟ್ರೀಯ ಹೆದ್ದಾರಿ 73 ಬೆಳ್ತಂಗಡಿ ಪೇಟೆ ದಾಟಿ ಉಜಿರೆಯತ್ತ ಸಾಗುವಲ್ಲಿ ಲಾಯಿಲ ಸಿಗುತ್ತದೆ. ಮುಂದೆ ಮುಂಡಾಜೆ, ಕಕ್ಕಿಂಜೆ, ಆಮೇಲೆ ಚಾರ್ಮಾಡಿಯ ತಿರುವುಗಳು, ಮೇಲೆ ಕೊಟ್ಟಿಗೆಹಾರ. 2019ರ ಆಗಸ್ಟಿನ ಭೂಕುಸಿತದ ಮೇಲೆ ಘಾಟಿಯಲ್ಲಿ ಭಾರೀ ಲಾರಿಗಳಿಗೆ ನಿರ್ಬಂಧ ಬಂತು. ಆದರೂ ಕೆಂಪುಕಲ್ಲು, ಜಲ್ಲಿ, ಅಡಿಕೆ, ರಬ್ಬರು ಹೊತ್ತ ಲಾರಿಗಳೂ ಟಿಪ್ಪರ್‌ಗಳೂ ಈ ಸೀಮೆಯ ಏರು ರಸ್ತೆಗಳಲ್ಲಿ ಓಡಾಡುವುದು ನಿಂತಿಲ್ಲ. ಕೆಎ-19, ಕೆಎ-21, ಕೆಎ-70 ನಂಬರಿನ ಈ ಗಾಡಿಗಳಿಗೆಲ್ಲ ಒಂದು ಗಂಡಾಂತರ ತಪ್ಪಿದ್ದಲ್ಲ: ಹೊಗೆ ಟೆಸ್ಟು. ಅದನ್ನು ಪಾಸು ಮಾಡಿಸಿಕೊಡುವ ಕೈಕಸುಬು ಹೆದ್ದಾರಿ ಬದಿಯ ತಗಡಿನ ಶೆಡ್ಡುಗಳಲ್ಲಿದೆ. ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ.

ಚಾಲಕರಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ಸೈಲೆನ್ಸರ್ ತೆಗೆದು ನೇರ ಪೈಪ್ ಹಾಕಿದರೆ ಲಾರಿ ಘಾಟಿಯಲ್ಲಿ ಹಗುರಾಗಿ ಏರುತ್ತದೆ ಎಂಬುದು. ಪಕ್ಕಾ ಮೇಸ್ತ್ರಿ ಇದಕ್ಕೆ ತಲೆಯಾಡಿಸುವುದಿಲ್ಲ. ಹೊಗೆಯ ಬಲದಿಂದ ತಿರುಗಿ ಗಾಳಿ ತುಂಬುವ ಟರ್ಬೊ ಇರುವ ಎಂಜಿನ್‌ನಲ್ಲಿ ಹೊಗೆಯ ದಾರಿಯ ಹಿಂದೊತ್ತಡ ಕಡಿಮೆಯಾದಷ್ಟೂ ಒಳ್ಳೆಯದು, ನಿಜ. ಆದರೆ ಕಂಪನಿ ಕೊಟ್ಟ ಸೈಲೆನ್ಸರ್ ಸುಸ್ಥಿತಿಯಲ್ಲಿದ್ದರೆ ಅದರಿಂದ ಕಳೆದುಕೊಳ್ಳುವ ಶಕ್ತಿ ಅಲ್ಪ. ಲಾರಿ ಏರಲಾರದೆ ಏದುಸಿರು ಬಿಡುತ್ತಿದ್ದರೆ ಕಾರಣ ಬಹುತೇಕ ಬೇರೆಲ್ಲೋ ಇರುತ್ತದೆ. ಸೈಲೆನ್ಸರ್ ತೆಗೆದರೆ ಹೆಚ್ಚುವುದು ಸದ್ದು. ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಸೈಲೆನ್ಸರ್ ಇರಲೇಬೇಕೆನ್ನುತ್ತದೆ. 112ನೆಯದು ಹೊಗೆ ಕೆಳಕ್ಕಾಗಲಿ ಎಡಕ್ಕಾಗಲಿ ಬೀಳದೆ ಹಿಂದಕ್ಕೋ ಬಲಕ್ಕೋ ಹೋಗಬೇಕೆನ್ನುತ್ತದೆ. ಎಡಬದಿ ಎಂದರೆ ಬಸ್ಸಿಗೆ ಕಾಯುವ ಮಕ್ಕಳು ನಿಂತಿರುವ ಬದಿ.

ಹಾಗಾದರೆ ಈ ಮೇಸ್ತ್ರಿಗಳು ಮಾಡುವುದೇನು? ಮೊದಲು ಹೊಗೆ ನೋಡುತ್ತಾರೆ. ನೀಲಿ ಛಾಯೆಯಿದ್ದರೆ ಆಯಿಲ್ ಸುಡುತ್ತಿದೆ, ರಿಂಗೋ ವಾಲ್ವ್ ಸೀಲೋ ಟರ್ಬೊ ಸೀಲೋ ಹೋಗಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಸುಡದೆ ಹೋಗುತ್ತಿದೆ, ಇಲ್ಲವೇ ನೀರು ಒಳನುಗ್ಗಿದೆ. ಕಪ್ಪು ಹೊಗೆಗೆ ಕಾರಣ ಇಂಧನ ಹೆಚ್ಚು, ಗಾಳಿ ಕಡಿಮೆ. ಒಲೆಗೆ ಸೌದೆ ತುರುಕಿ ಊದದೆ ಬಿಟ್ಟ ಹಾಗೆ. ಟೆಸ್ಟಿನಲ್ಲಿ ಫೇಲಾಗುವ ಲಾರಿಗಳದು ಹೆಚ್ಚಾಗಿ ಈ ಕಪ್ಪು ಹೊಗೆಯೇ.

ಗಾಳಿ ಎಲ್ಲಿ ಕಡಿಮೆಯಾಯಿತು ಎಂದು ಹುಡುಕುವುದು ಮುಂದಿನ ಕೆಲಸ. ಕಲ್ಲುಕೋರೆಗೆ ಹೋಗಿ ಬರುವ ಟಿಪ್ಪರ್‌ನ ಏರ್ ಫಿಲ್ಟರ್ ಬಿಚ್ಚಿದರೆ ಕೆಂಪು ಧೂಳು ಸುರಿಯುತ್ತದೆ. ಟರ್ಬೊದಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸಿನ ಸಣ್ಣ ಸೀಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಮ್ಯಾನಿಫೋಲ್ಡ್ ಕೂಡಿಕೆಯಲ್ಲಿ ಗ್ಯಾಸ್ಕೆಟ್ ಸುಟ್ಟಿದ್ದರೆ ಅಲ್ಲಿ ಕರಿ ಗೆರೆಯೊಂದು ಮೂಡಿರುತ್ತದೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದೂ ಕೇಳುತ್ತದೆ. ಟರ್ಬೊಗೆ ಮುಂಚೆಯೇ ಹೊಗೆ ಸೋರಿದರೆ ಅದನ್ನು ತಿರುಗಿಸುವ ಕಸುವು ಅಲ್ಲೇ ಹೋಯಿತು. ಲಾರಿ ಹಿಂದಿನ ತುದಿಯಲ್ಲಿ ಕರಿ ಹೊಗೆ ಕಾರುತ್ತದೆ, ತಪ್ಪು ಮುಂದಿನ ತುದಿಯಲ್ಲಿರುತ್ತದೆ.

ಆಮೇಲೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್. ಈ ಕಸುಬಿನಲ್ಲಿ ನೋಡಲೇಬೇಕಾದದ್ದು ಇದು. ಬಿಚ್ಚಿದ ನಾಜಲನ್ನು ಕೈಪಂಪಿನ ಟೆಸ್ಟರ್‌ಗೆ ಸಿಕ್ಕಿಸಿ ಹಿಡಿ ಒತ್ತುತ್ತಾರೆ. ಒತ್ತಡದ ಮುಳ್ಳು ಏರುತ್ತಾ ಹೋಗಿ ಒಂದು ಹಂತದಲ್ಲಿ ಚರ್ರೆಂದು ಸದ್ದು. ನಾಜಲ್ ತುದಿಯಿಂದ ಡೀಸೆಲ್ ಮಂಜಿನಂತೆ, ಎಲ್ಲ ರಂಧ್ರಗಳಿಂದ ಸಮವಾಗಿ ಹರಡಿದರೆ ಸರಿ. ಒಂದು ಕಡೆ ದಾರವಾಗಿ ಚಿಮ್ಮಿದರೆ, ಅಥವಾ ಒತ್ತಡ ಇಳಿದ ಮೇಲೂ ತುದಿಯಲ್ಲಿ ಹನಿ ಕಟ್ಟಿದರೆ ಅದು ಗಾಡಿಗೆ ವಾಪಸ್ ಹೋಗಕೂಡದು. ಆ ಹನಿಯೇ ಸಿಲಿಂಡರಿನಲ್ಲಿ ಮಸಿಯಾಗುವುದು. ಪಳಗಿದವರಿಗೆ ನೋಡುವುದೂ ಬೇಡ, ಸದ್ದು ಕೇಳಿದರೇ ಗೊತ್ತಾಗುತ್ತದೆ. ಆ ಮಂಜಿಗೆ ಕೈಯೊಡ್ಡಬಾರದು. ಚರ್ಮ ತೂರಿ ಒಳಹೋಗುವಷ್ಟು ರಭಸ ಅದಕ್ಕಿದೆ. ಹೊಸಬರಿಗೆ ಮೊದಲು ಕಲಿಸುವುದೇ ಇದನ್ನು.

ಹಳೆಯ ಲಾರಿಗಳ ಡೀಸೆಲ್ ಪಂಪಿನ ಮೇಲೆ ‘ಮೈಕೋ’ ಎಂಬ ಹೆಸರು ಕಾಣುತ್ತದೆ. 1951ರಲ್ಲಿ ಶುರುವಾದ, ಬೆಂಗಳೂರಿನ ಆಡುಗೋಡಿಯ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು. 2008ರಿಂದ ಅದರ ಹೆಸರು ಬಾಷ್. ದೇಶದ ಬಹಳಷ್ಟು ಲಾರಿಗಳಿಗೆ ಡೀಸೆಲ್ ಅಳೆದು ಕೊಟ್ಟ ಪಂಪುಗಳು ನಮ್ಮ ಬೆಂಗಳೂರಿನವೇ ಎಂಬುದು ಹೆಮ್ಮೆಯ ಮಾತು. ಆ ಪಂಪಿನಲ್ಲಿ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಸ್ಕ್ರೂ ಇದೆ, ಅದಕ್ಕೆ ಸೀಲೂ ಇದೆ. ಘಾಟಿ ಹತ್ತಲು ‘ಸ್ವಲ್ಪ ಡೀಸೆಲ್ ಜಾಸ್ತಿ ಕೊಡಿ’ ಎಂದು ಕೇಳುವವರಿಗೆ ಸೀಲು ಮುರಿದು ಕೊಡುವ ಗ್ಯಾರೇಜೂ ಉಂಟು. ಹೆಚ್ಚಿಗೆ ಕೊಟ್ಟ ಡೀಸೆಲ್‌ಗೆ ಗಾಳಿ ಸಾಲದೆ ಒಂದಷ್ಟು ಹೊಗೆಯಾಗಿ ಹೋಗುತ್ತದೆ. ಬಂಡವಾಳ ಹಾಕಿದವನ ದುಡ್ಡು ಆಕಾಶದ ಪಾಲು.

ಪೈಪಿನ ಕೆಲಸ ಬರುವುದು ಇದೆಲ್ಲ ಮುಗಿದ ಮೇಲೆ. ಕರಾವಳಿಯ ಮಳೆ, ತೇವದಲ್ಲಿ ಸೈಲೆನ್ಸರ್ ಹೊರಗಿನಿಂದ ತುಕ್ಕು ಹಿಡಿಯುತ್ತದೆ. ಐದಾರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯದು ಒಳಗಿನಿಂದಲೂ ಕೊಳೆಯುತ್ತದೆ, ಏಕೆಂದರೆ ಹೊಗೆಯ ನೀರಾವಿ ಆರುವಷ್ಟು ಬಿಸಿ ಅದಕ್ಕೆ ಸಿಗುವುದೇ ಇಲ್ಲ. ಒಳಗಿನ ತಗಡು ಕಳಚಿ ಅಡ್ಡ ಬಿದ್ದರೆ ದಾರಿ ಕಟ್ಟಿತು. ಆಗ ಸೈಲೆನ್ಸರ್ ಬದಲಿಸುವುದು ಲಾಭದ ಕೆಲಸವೇ. ಅದೇ ಅಳತೆಯದು, ಸಾಧ್ಯವಾದರೆ ಅಲ್ಯೂಮಿನಿಯಂ ಲೇಪನದ ಅಥವಾ ಸ್ಟೇನ್‌ಲೆಸ್ ತಗಡಿನದು ಹಾಕಬೇಕು. ಬಾಗು ಪೈಪನ್ನು ಹಳೆಯ ಕೆಲಸಗಾರರು ಒಣ ಮರಳು ಗಿಡಿದು ತುಂಬಿ, ಎರಡೂ ಬಾಯಿ ಮುಚ್ಚಿ, ಕೆಂಪಗೆ ಕಾಯಿಸಿ ಬಗ್ಗಿಸುತ್ತಿದ್ದರು. ಮರಳು ತುಂಬಿದ ಪೈಪ್ ಬಾಗುವಲ್ಲಿ ಚಪ್ಪಟೆಯಾಗುವುದಿಲ್ಲ, ಒಳಗಿನ ಅಗಲ ಉಳಿಯುತ್ತದೆ.

ಟೆಸ್ಟ್ ಹೇಗೆ ನಡೆಯುತ್ತದೆ ಎಂಬುದು ಗಾಡಿ ಮಾಲೀಕರಿಗೇ ಸರಿಯಾಗಿ ತಿಳಿದಿರುವುದಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಪೈಪಿಗೆ ಕೊಳವೆ ತೂರಿಸಿ, ಗಾಡಿ ನಿಂತಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಡುತ್ತಾರೆ, ರೀಡಿಂಗ್‌ಗಳು ಒಂದಕ್ಕೊಂದು ಹತ್ತಿರ ಬರುವ ತನಕ. ಯಂತ್ರದೊಳಗೆ ಬೆಳಕಿನ ಕಿರಣ ಹೊಗೆಯನ್ನು ಹಾದು ಬರುವಾಗ ಎಷ್ಟು ಮಂಕಾಯಿತು ಎಂಬುದೇ ಅಳತೆ. ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡದ ನಾಲ್ಕನೇ ಹಂತ, ಅಂದರೆ ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ 65 ಹಾರ್ಟ್‌ರಿಜ್ ಯೂನಿಟ್, ಬಿಎಸ್-4ಕ್ಕೆ 50 ಮಿತಿ. ಸರ್ಟಿಫಿಕೇಟ್ ಹಳೆಯ ಗಾಡಿಗಳಿಗೆ ಆರು ತಿಂಗಳು, ಬಿಎಸ್-4 ಮತ್ತು ಬಿಎಸ್-6ಕ್ಕೆ ಒಂದು ವರ್ಷ. ಮಿತಿ ಮೀರಿದರೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡವಿದೆ.

ಈ ಟೆಸ್ಟಿನ ಕೊರತೆಯನ್ನೂ ಹೇಳಬೇಕು. ಅದು ನಿಂತ ಗಾಡಿಯ ಪರೀಕ್ಷೆ. ಲೋಡು ಹೊತ್ತು ಎರಡನೇ ಗೇರಿನಲ್ಲಿ ಏರುವಾಗ ಬರುವ ಹೊಗೆ ಅದಕ್ಕೆ ಕಾಣದು. ಡೀಸೆಲ್ ಗಾಡಿಯಲ್ಲಿ ಅದು ನೋಡುವುದು ಮಸಿಯನ್ನು ಮಾತ್ರ, ನೈಟ್ರೋಜನ್ ಆಕ್ಸೈಡನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆ ಹೊಗೆಯನ್ನು ದಿನವಿಡೀ ಹತ್ತಿರದಿಂದ ಕುಡಿಯುವವರು ಈ ಮೇಸ್ತ್ರಿಗಳೇ. ಒಳ್ಳೆಯ ಮೇಸ್ತ್ರಿ ಟೆಸ್ಟಿಗೆ ಕಳಿಸುವ ಮೊದಲು ಲೋಡಿನ ಜತೆ ಒಂದು ಏರು ಹತ್ತಿಸಿ ಕನ್ನಡಿಯಲ್ಲಿ ಹೊಗೆ ನೋಡುತ್ತಾನೆ. ಆ ಪರೀಕ್ಷೆ ಕಾಗದದ ಪರೀಕ್ಷೆಗಿಂತ ಕಠಿಣ.

2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಎಕ್ಸಾಸ್ಟ್ ಎಂದರೆ ಬರೀ ಪೈಪಲ್ಲ. ಡೀಸೆಲ್‌ನ ಗಂಧಕ 50ರಿಂದ 10 ಪಿಪಿಎಂಗೆ ಇಳಿಯಿತು. ಪೈಪಿನ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರು, ಯೂರಿಯಾ ದ್ರವದಿಂದ ನೈಟ್ರೋಜನ್ ಆಕ್ಸೈಡ್ ಕಳೆಯುವ ಎಸ್‌ಸಿಆರ್ ಕೂತವು. ಡಿಪಿಎಫ್ ತುಂಬಿದಾಗ ಗಾಡಿಯೇ ಸುಮಾರು 600 ಡಿಗ್ರಿ ಬಿಸಿಯಲ್ಲಿ ಮಸಿಯನ್ನು ಸುಡುತ್ತದೆ. ಅದರ ಸೂಚಕ ಲೈಟ್ ಬಂದಾಗ ಚಾಲಕ ಎಂಜಿನ್ ಆಫ್ ಮಾಡಬಾರದು. ಸುಟ್ಟು ಉಳಿದ ಬೂದಿಯನ್ನು ಫಿಲ್ಟರು ಬಿಚ್ಚಿ ತೆಗೆಸಲೇಬೇಕು. ಇದು ರಗಳೆಯೆಂದು ಫಿಲ್ಟರಿನ ಒಳಗನ್ನು ಕೊರೆದು ತೆಗೆಸುವವರಿದ್ದಾರೆ, ಯೂರಿಯಾ ವ್ಯವಸ್ಥೆಗೆ ಸುಳ್ಳು ಸಿಗ್ನಲ್ ಕೊಡುವ ಪೆಟ್ಟಿಗೆ ಹಾಕಿಸುವವರೂ ಇದ್ದಾರೆ. ಇವು ಮೋಸ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೂ ವಿರುದ್ಧ.

ಅಡಿಕೆ ತೋಟಗಳ ಈ ನಾಡಿನಲ್ಲಿ ಇನ್ನೊಂದು ಆಮಿಷವಿದೆ. ಗೊಬ್ಬರದ ಯೂರಿಯಾ ಮನೆಯಂಗಳದಲ್ಲೇ ಇರುತ್ತದೆ, ಕರಗಿಸಿ ಹಾಕಿದರಾಯಿತಲ್ಲ ಎಂದು. ಎಸ್‌ಸಿಆರ್‌ಗೆ ಹಾಕುವ ಡೆಫ್ ಎಂಬ ದ್ರವದಲ್ಲಿ ಯೂರಿಯಾ ಶೇಕಡಾ 32.5, ಉಳಿದದ್ದು ಲವಣವಿಲ್ಲದ ಶುದ್ಧ ನೀರು. ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪನ ಕಡ್ಡಾಯ, ಅದು ಕಾರ್ಖಾನೆಗಳಿಗೆ ಹೋಗದಿರಲೆಂಬುದೂ ಅದರ ಒಂದು ಉದ್ದೇಶ. ಎಣ್ಣೆಯೂ ಕಲ್ಮಶವೂ ಸೇರಿ ದುಬಾರಿ ಕ್ಯಾಟಲಿಸ್ಟ್ ಹಾಳಾಗುತ್ತದೆ, ಪಂಪಿನಲ್ಲಿ ಹರಳು ಕಟ್ಟುತ್ತದೆ.

ಡಿಪಿಎಫ್, ಎಸ್‌ಸಿಆರ್‌ಗಳನ್ನು ರಿಪೇರಿ ಮಾಡಲು ಸ್ಪ್ಯಾನರ್ ಸಾಲದು, ಗಾಡಿಯ ಕಂಪ್ಯೂಟರ್ ಜತೆ ಮಾತಾಡುವ ಸಾಧನ ಬೇಕು. ಅದು ಕಂಪನಿಯ ಸರ್ವೀಸ್ ಸೆಂಟರ್‌ಗಳಲ್ಲಿದೆ, ತಗಡಿನ ಶೆಡ್ಡಿನಲ್ಲಿಲ್ಲ. ಹೀಗಾಗಿ ಪ್ರಾಮಾಣಿಕ ರಿಪೇರಿ ದೂರದ ಮಂಗಳೂರಿನಲ್ಲಿ, ಕೊರೆದು ತೆಗೆಯುವ ರಿಪೇರಿ ಹತ್ತಿರದಲ್ಲಿ ಎಂಬಂತಾಗಬಾರದು. ಲಾಯಿಲದ ಪಕ್ಕದ ಉಜಿರೆಯಲ್ಲೇ 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟಿ ಹುಟ್ಟುಹಾಕಿದವು. ಹಳ್ಳಿಯ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಆ ಮಾದರಿ ದೇಶಕ್ಕೆಲ್ಲ ಹಬ್ಬಿತು. ಡಿಪಿಎಫ್ ಶುಚಿಗೊಳಿಸುವುದು, ಎಸ್‌ಸಿಆರ್ ದೋಷ ಹುಡುಕುವುದು, ಸ್ಕ್ಯಾನರ್ ಓದುವುದು ಇವಿಷ್ಟನ್ನೂ ಲಾರಿ ಮೇಸ್ತ್ರಿಗಳಿಗೆ ಕಲಿಸುವ ಕೆಲವು ವಾರಗಳ ಕೋರ್ಸಿಗೆ ಅಂಥ ಕಡೆಗಳಲ್ಲಿ ಜಾಗ ಸಿಗಬೇಕು, ಸ್ಕ್ಯಾನರ್ ಕೊಳ್ಳಲು ಸಣ್ಣ ಸಾಲವೂ ಅದರ ಜತೆಗೆ.