ಆಫ್ರಿಕನ್-ಅಮೆರಿಕನ್ ಸಂಗೀತ

ಆಫ್ರಿಕನ್-ಅಮೆರಿಕನ್ ಸಂಗೀತ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನರು ರೂಪಿಸಿದ ಹಲವು ಸಂಗೀತ ಪ್ರಕಾರಗಳಿಗೆ ಒಟ್ಟಾಗಿ ಸಲ್ಲುವ ಹೆಸರು. ಸ್ಪಿರಿಚುಯಲ್, ಬ್ಲೂಸ್, ಜಾಝ್, ಗಾಸ್ಪೆಲ್, ರಿದಮ್ ಅಂಡ್ ಬ್ಲೂಸ್, ಸೋಲ್, ಫಂಕ್, ಹಿಪ್ ಹಾಪ್, ಹೌಸ್, ಟೆಕ್ನೊ ಇವೆಲ್ಲ ಇದರ ಶಾಖೆಗಳು. ರಾಕ್ ಅಂಡ್ ರೋಲ್‌ನ ಬೇರು ಇದರಲ್ಲಿದೆ. ಬಿಳಿಯರದೆಂದೇ ಬಹುಕಾಲ ಎಣಿಸಲಾಗಿದ್ದ ಕಂಟ್ರಿ ಸಂಗೀತದಲ್ಲಿಯೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿಯೂ ಕಪ್ಪು ಕಲಾವಿದರ ಪಾಲು ಸಣ್ಣದಲ್ಲ. ಈ ಪ್ರಕಾರಗಳ ನಡುವೆ ಗಡಿಗಳನ್ನು ಎಳೆದವರು ಹೆಚ್ಚಾಗಿ ಹಾಡುವವರಲ್ಲ, ಧ್ವನಿಮುದ್ರಿಕೆಗಳನ್ನು ಮಾರುವವರು. ಆದುದರಿಂದ ಇದರ ಚರಿತ್ರೆಯನ್ನು ಸ್ವರ-ಲಯಗಳ ಚರಿತ್ರೆಯಾಗಿ ಓದಿದರೆ ಸಾಲದು. ಹಾಡಿನ ಮೇಲೆ ಯಾರ ಹೆಸರು ಅಚ್ಚಾಯಿತು, ಹಣ ಯಾರ ಕೈ ಸೇರಿತು ಎಂಬುದರ ಚರಿತ್ರೆಯಾಗಿಯೂ ಓದಬೇಕಾಗುತ್ತದೆ.

ಹಿನ್ನೆಲೆ

1619ರಲ್ಲಿ ವರ್ಜೀನಿಯ ವಸಾಹತಿಗೆ ಸೆರೆಯಾಳುಗಳಾದ ಆಫ್ರಿಕನ್ನರನ್ನು ಹಡಗಿನಲ್ಲಿ ತರಲಾಯಿತು. ಅಮೆರಿಕದ ಸಂವಿಧಾನಕ್ಕೆ 13ನೆಯ ತಿದ್ದುಪಡಿಯಾಗಿ ಗುಲಾಮಗಿರಿ ರದ್ದಾದುದು 1865ರಲ್ಲಿ. ಈ ಎರಡೂವರೆ ಶತಮಾನಗಳ ಅವಧಿಯಲ್ಲಿ ಪಶ್ಚಿಮ ಹಾಗೂ ಮಧ್ಯ ಆಫ್ರಿಕದ ಬೇರೆ ಬೇರೆ ಭಾಷೆಗಳ ಜನರು ಹೊಲಗದ್ದೆಗಳಲ್ಲಿ ಒಟ್ಟಿಗೆ ದುಡಿಯುತ್ತ, ತಮ್ಮ ನೆನಪಿನಲ್ಲಿ ಉಳಿದಿದ್ದ ಹಾಡುಗಾರಿಕೆಯನ್ನು ಒಡೆಯರ ಸ್ತೋತ್ರಗೀತೆಗಳೊಡನೆ ಬೆರೆಸಿದರು. 1739ರಲ್ಲಿ ದಕ್ಷಿಣ ಕರೊಲಿನದ ಸ್ಟೋನೊ ನದಿಯ ಬಳಿ ಗುಲಾಮರ ದಂಗೆ ನಡೆಯಿತು. ಮರುವರ್ಷ ಅಲ್ಲಿ ಜಾರಿಗೆ ಬಂದ ಕಾನೂನು ಗುಲಾಮರು ಡೋಲು ಬಾರಿಸುವುದನ್ನೇ ನಿಷೇಧಿಸಿತು, ಡೋಲಿನ ಸದ್ದು ದೂರದವರಿಗೆ ಸಂಕೇತವಾಗಬಲ್ಲದೆಂಬ ಭಯದಿಂದ. ಡೋಲು ಹೋದ ಕಡೆ ಚಪ್ಪಾಳೆ, ಪಾದಗಳ ತುಳಿತ, ತೊಡೆ ತಟ್ಟುವ ಪೆಟ್ಟುಗಳು ಅದರ ಕೆಲಸವನ್ನು ವಹಿಸಿಕೊಂಡವು. ಇದಕ್ಕೆ ಅಪವಾದವಾಗಿ ನ್ಯೂ ಆರ್ಲಿಯನ್ಸ್ ನಗರದ ಕಾಂಗೊ ಸ್ಕ್ವೇರ್ ಎಂಬ ಬಯಲಿನಲ್ಲಿ ಭಾನುವಾರಗಳಂದು ಕಪ್ಪು ಜನರು ಸೇರಿ ಡೋಲು ಬಾರಿಸಿ ಕುಣಿಯಲು ಅವಕಾಶವಿತ್ತು.

ಈ ಸಂಗೀತದ ಎರಡು ಲಕ್ಷಣಗಳು ಎಲ್ಲ ಶಾಖೆಗಳಲ್ಲಿಯೂ ಕಾಣುತ್ತವೆ. ಮೊದಲನೆಯದು ಕರೆ-ಮಾರುತ್ತರದ ಕ್ರಮ: ಒಬ್ಬರು ಒಂದು ಸಾಲನ್ನು ಎತ್ತಿಕೊಡುತ್ತಾರೆ, ಉಳಿದವರು ಅದಕ್ಕೆ ಉತ್ತರಿಸುತ್ತಾರೆ. ನಮ್ಮ ಭಜನಾ ಮಂಡಳಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದು 'ಬ್ಲೂ ನೋಟ್' ಎಂದು ಕರೆಯಲಾಗುವ ಬಾಗಿದ ಸ್ವರ. ಪಿಯಾನೊದ ಎರಡು ಮನೆಗಳ ನಡುವೆ ನಿಲ್ಲುವ ಈ ಸ್ವರವನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದು ತೋರಿಸುವುದು ಕಷ್ಟ. ಗಮಕಕ್ಕೆ ಒಗ್ಗಿದ ಕಿವಿಗೆ ಅದು ಅಪರಿಚಿತವೆನಿಸದು.

ಸ್ಪಿರಿಚುಯಲ್ ಗೀತೆಗಳು

ಗುಲಾಮಗಿರಿಯ ಕಾಲದ ಭಕ್ತಿಗೀತೆಗಳನ್ನು ಸ್ಪಿರಿಚುಯಲ್ ಎನ್ನುತ್ತಾರೆ. ಬೈಬಲ್ಲಿನ ಕಥೆಗಳು, ವಿಶೇಷವಾಗಿ ಈಜಿಪ್ಟಿನ ದಾಸ್ಯದಿಂದ ಇಸ್ರೇಲರ ಬಿಡುಗಡೆ, ಇವುಗಳ ವಸ್ತು. ಮೇಲ್ನೋಟಕ್ಕೆ ಪರಲೋಕದ ಹಾಡಾಗಿ ಕೇಳುವ ಗೀತೆಯೊಳಗೆ ಇಹಲೋಕದ ಬಿಡುಗಡೆಯ ಹಂಬಲವೂ ಅಡಗಿರುತ್ತಿತ್ತು. ಇವುಗಳ ಮೊದಲ ಪ್ರಮುಖ ಸಂಕಲನ 1867ರಲ್ಲಿ ಪ್ರಕಟವಾಯಿತು.

ಈ ಹಾಡುಗಳನ್ನು ಜಗತ್ತಿಗೆ ಕೇಳಿಸಿದವರು ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿರುವ ಫಿಸ್ಕ್ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳು. ಬಿಡುಗಡೆ ಹೊಂದಿದವರ ಶಿಕ್ಷಣಕ್ಕಾಗಿ 1866ರಲ್ಲಿ ಆರಂಭವಾದ ಈ ಸಂಸ್ಥೆ ಐದೇ ವರ್ಷಗಳಲ್ಲಿ ಸಾಲದಲ್ಲಿ ಮುಳುಗಿ ಮುಚ್ಚುವ ಸ್ಥಿತಿಗೆ ಬಂದಿತು. ಸಂಗೀತವನ್ನೂ ಕಲಿಸುತ್ತಿದ್ದ ಅಲ್ಲಿಯ ಖಜಾಂಚಿ ಜಾರ್ಜ್ ವೈಟ್ ಅವರು 1871ರ ಅಕ್ಟೋಬರ್‌ನಲ್ಲಿ ಒಂಬತ್ತು ವಿದ್ಯಾರ್ಥಿಗಳ ಮೇಳವನ್ನು ಕಟ್ಟಿಕೊಂಡು ಚಂದಾ ಎತ್ತಲು ಹೊರಟರು. ಅವರಲ್ಲಿ ಹೆಚ್ಚಿನವರು ಹುಟ್ಟಿನಿಂದ ಗುಲಾಮರಾಗಿದ್ದವರು. ಎಷ್ಟೋ ಊರುಗಳಲ್ಲಿ ಅವರಿಗೆ ತಂಗಲು ಹೋಟೆಲಿನಲ್ಲಿ ಕೋಣೆ ದೊರೆಯುತ್ತಿರಲಿಲ್ಲ. ತಂದೆತಾಯಿಗಳ ಹಾಡುಗಳನ್ನು ಪರರ ಮುಂದೆ ಹಾಡಲು ಮೊದಮೊದಲು ಅವರಿಗೇ ಸಂಕೋಚವಿತ್ತು. ಆದರೆ ಸಭಿಕರು ಕಾದು ಕೇಳಿದ್ದು ಆ ಹಾಡುಗಳನ್ನೇ. ಫಿಸ್ಕ್ ಜುಬಿಲಿ ಸಿಂಗರ್ಸ್ ಎಂದು ಹೆಸರಾದ ಈ ಮೇಳ 1873ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯ ರಾಣಿಯ ಎದುರು ಹಾಡಿತು. ಅವರು ತಂದ ಹಣದಿಂದ ಸಂಸ್ಥೆ ಉಳಿಯಿತು, ಜುಬಿಲಿ ಹಾಲ್ ಎಂಬ ಕಟ್ಟಡವೂ ಎದ್ದಿತು. ಹಾಡಿ ಶಾಲೆಯನ್ನು ಉಳಿಸಿಕೊಂಡ ಇಂತಹ ನಿದರ್ಶನಗಳು ಸಂಗೀತದ ಚರಿತ್ರೆಯಲ್ಲಿ ವಿರಳ.

ಬ್ಲೂಸ್ ಮತ್ತು 'ರೇಸ್ ರೆಕಾರ್ಡ್'

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣದ ಹತ್ತಿಯ ನಾಡಿನಲ್ಲಿ ಬ್ಲೂಸ್ ರೂಪುಗೊಂಡಿತು. ಸ್ಪಿರಿಚುಯಲ್ ಸಮೂಹದ ಹಾಡಾದರೆ ಬ್ಲೂಸ್ ಒಂಟಿ ಮನುಷ್ಯನ ಹಾಡು. ಮೊದಲ ಸಾಲನ್ನು ಎರಡು ಬಾರಿ ಹೇಳಿ ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ಇದರ ಪರಿಚಿತ ಕಟ್ಟು.

ಕಪ್ಪು ಜನರು ಧ್ವನಿಮುದ್ರಿಕೆಗಳನ್ನು ಕೊಳ್ಳಲಾರರೆಂದು ಕಂಪನಿಗಳು ತಿಳಿದಿದ್ದವು. ಗೀತರಚನಕಾರ ಪೆರಿ ಬ್ರ್ಯಾಡ್‌ಫರ್ಡ್ ಅವರ ಒತ್ತಾಯದಿಂದ 1920ರ ಆಗಸ್ಟ್‌ನಲ್ಲಿ ಓಕೆ ಕಂಪನಿ ಮೇಮಿ ಸ್ಮಿತ್ ಅವರ ಧ್ವನಿಯಲ್ಲಿ 'ಕ್ರೇಜಿ ಬ್ಲೂಸ್' ಹಾಡನ್ನು ಮುದ್ರಿಸಿತು. ಅದರ ಮಾರಾಟ ಎಲ್ಲರನ್ನೂ ಬೆರಗುಗೊಳಿಸಿತು. ಆಗ ಕಂಪನಿಗಳು ಕಪ್ಪು ಕಲಾವಿದರ ತಟ್ಟೆಗಳಿಗೆ 'ರೇಸ್ ರೆಕಾರ್ಡ್' ಎಂದೂ ದಕ್ಷಿಣದ ಬಿಳಿಯ ಹಳ್ಳಿಗರ ತಟ್ಟೆಗಳಿಗೆ 'ಹಿಲ್‌ಬಿಲಿ' ಎಂದೂ ಬೇರೆ ಬೇರೆ ಪಟ್ಟಿಗಳನ್ನು ಮಾಡಿದವು. ಎರಡೂ ಕಡೆಯ ಗಾಯಕರು ಒಂದೇ ಊರಿನವರಾಗಿ ಒಂದೇ ಹಾಡನ್ನು ಹಾಡಿದ್ದರೂ ಪಟ್ಟಿ ಬೇರೆಯೇ. ಬಿಲ್‌ಬೋರ್ಡ್ ಪತ್ರಿಕೆ 'ರೇಸ್' ಎಂಬ ಮಾತನ್ನು ಬಿಟ್ಟು 'ರಿದಮ್ ಅಂಡ್ ಬ್ಲೂಸ್' ಎಂಬ ಹೆಸರನ್ನು ಹಿಡಿದದ್ದು 1949ರಲ್ಲಿ. ಹೆಸರು ಬದಲಾಯಿತು, ಬೇಲಿ ಉಳಿಯಿತು.

1923ರಲ್ಲಿ ಧ್ವನಿಮುದ್ರಣ ಆರಂಭಿಸಿದ ಬೆಸ್ಸಿ ಸ್ಮಿತ್ ತಮ್ಮ ಕಾಲದ ಅತಿ ದೊಡ್ಡ ಬ್ಲೂಸ್ ಗಾಯಕಿ. ಅವರಿಗೆ ರಾಯಲ್ಟಿ ಇರಲಿಲ್ಲ, ಹಾಡಿಗೆ ಇಷ್ಟೆಂದು ಸಂಭಾವನೆ ಮಾತ್ರ. 1936 ಮತ್ತು 1937ರಲ್ಲಿ ಟೆಕ್ಸಸ್‌ನಲ್ಲಿ 29 ಹಾಡುಗಳನ್ನು ಮುದ್ರಿಸಿದ ರಾಬರ್ಟ್ ಜಾನ್ಸನ್ 27ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕೀರ್ತಿ ಹರಡಿದ್ದು ಮರಣಾನಂತರ. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನರು ದಕ್ಷಿಣವನ್ನು ತೊರೆದು ಉತ್ತರ ಮತ್ತು ಪಶ್ಚಿಮದ ನಗರಗಳಿಗೆ ವಲಸೆ ಹೋದರು. ಅವರಲ್ಲೊಬ್ಬರಾದ ಮಡ್ಡಿ ವಾಟರ್ಸ್ 1943ರಲ್ಲಿ ಶಿಕಾಗೊ ಸೇರಿ, ನಗರದ ಗದ್ದಲದ ನಡುವೆಯೂ ಕೇಳುವಂತೆ ಹಳ್ಳಿಯ ಗಿಟಾರಿಗೆ ವಿದ್ಯುತ್ತನ್ನು ಜೋಡಿಸಿದರು.

ಕಂಟ್ರಿ ಸಂಗೀತದಲ್ಲಿ

ಕಂಟ್ರಿ ಸಂಗೀತದ ಗುರುತೇ ಆಗಿರುವ ಬ್ಯಾಂಜೊ ಪಶ್ಚಿಮ ಆಫ್ರಿಕದ ತಂತಿವಾದ್ಯಗಳ ಸಂತತಿ. ಮೊದಲ ಬ್ಯಾಂಜೊಗಳ ಒಡಲು, ನಮ್ಮ ಏಕತಾರಿಯ ಒಡಲಿನಂತೆ, ಸೋರೆಬುರುಡೆಯದಾಗಿತ್ತು. ಆ ಸಂಗೀತದ ಮೂಲಪುರುಷರೆನಿಸಿದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಹಾಡುಗಳನ್ನು ಹುಡುಕುತ್ತ ಊರೂರು ಸುತ್ತುವಾಗ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕರು ಜೊತೆಗಿದ್ದರು. ಕಾರ್ಟರ್ ಸಾಹಿತ್ಯವನ್ನು ಬರೆದುಕೊಂಡರೆ ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದವರು ರಿಡಲ್.

ನ್ಯಾಶ್‌ವಿಲ್‌ನ 'ಗ್ರ್ಯಾಂಡ್ ಓಲ್ ಓಪ್ರಿ' ಬಾನುಲಿ ಕಾರ್ಯಕ್ರಮದ ಆರಂಭಿಕ ತಾರೆಗಳಲ್ಲಿ ಒಬ್ಬರು ಹಾರ್ಮೋನಿಕ ವಾದಕ ಡಿಫೋರ್ಡ್ ಬೇಲಿ. 1941ರಲ್ಲಿ ಅವರನ್ನು ಕಾರ್ಯಕ್ರಮದಿಂದ ಕೈಬಿಡಲಾಯಿತು. ಅನಂತರ ಅವರು ಅದೇ ನಗರದಲ್ಲಿ ಬೂಟು ಪಾಲಿಶ್ ಮಾಡುವ ಅಂಗಡಿ ನಡೆಸಿ ಜೀವಿಸಿದರು. ಕಂಟ್ರಿ ಸಂಗೀತದ ಗೌರವಪಟ್ಟಿಗೆ ಅವರ ಹೆಸರು ಸೇರಿದ್ದು 2005ರಲ್ಲಿ, ಅವರು ತೀರಿಕೊಂಡು 23 ವರ್ಷಗಳಾದ ಮೇಲೆ. 1962ರಲ್ಲಿ ರೇ ಚಾರ್ಲ್ಸ್ ಕಂಟ್ರಿ ಹಾಡುಗಳ ಒಂದು ಇಡೀ ಆಲ್ಬಮ್ಮನ್ನೇ ಹೊರತಂದರು. ಇತ್ತೀಚೆಗೆ ಬ್ಯಾಂಜೊವನ್ನು ಕಪ್ಪು ಪರಂಪರೆಗೆ ಮರಳಿ ಜೋಡಿಸುವ ಕೆಲಸವನ್ನು ರಿಯಾನನ್ ಗಿಡನ್ಸ್ ಮಾಡುತ್ತಿದ್ದಾರೆ. 2024ರಲ್ಲಿ ಬಂದ ಬಿಯಾನ್ಸೆಯವರ 'ಕೌಬಾಯ್ ಕಾರ್ಟರ್' ಆಲ್ಬಮ್ಮಿನ ಹಾಡೊಂದರಲ್ಲಿ ಕೇಳುವ ಬ್ಯಾಂಜೊ ಅವರದೇ. ಆ ಆಲ್ಬಮ್ 2025ರಲ್ಲಿ ವರ್ಷದ ಆಲ್ಬಮ್ ಮತ್ತು ಅತ್ಯುತ್ತಮ ಕಂಟ್ರಿ ಆಲ್ಬಮ್ ಎಂಬ ಎರಡು ಗ್ರ್ಯಾಮಿ ಪ್ರಶಸ್ತಿಗಳನ್ನು ಪಡೆಯಿತು. ಎರಡನೆಯದನ್ನು ಕಪ್ಪು ಕಲಾವಿದರೊಬ್ಬರು ಪಡೆದದ್ದು ಅದೇ ಮೊದಲು.

ಗಾಸ್ಪೆಲ್‌ನಿಂದ ರಾಕ್ ಅಂಡ್ ರೋಲ್‌ಗೆ

ಬ್ಲೂಸ್ ಪಿಯಾನೊ ವಾದಕರಾಗಿದ್ದ ಥಾಮಸ್ ಡಾರ್ಸಿ 1932ರಲ್ಲಿ ಹೆರಿಗೆಯ ವೇಳೆ ಹೆಂಡತಿಯನ್ನೂ, ಅದರ ಹಿಂದೆಯೇ ಹಸುಗೂಸನ್ನೂ ಕಳೆದುಕೊಂಡರು. ಆ ದುಃಖದಲ್ಲಿ ಅವರು ರಚಿಸಿದ 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್' ಗಾಸ್ಪೆಲ್ ಪ್ರಕಾರದ ಬುನಾದಿ ಗೀತೆಗಳಲ್ಲಿ ಒಂದಾಯಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಸಂಸ್ಕಾರದಲ್ಲಿ ಅದನ್ನು ಹಾಡಿದವರು ಮಹಾಲಿಯ ಜಾಕ್ಸನ್.

ಇದೇ ಗಾಸ್ಪೆಲ್ ಹಾಡುಗಳನ್ನು ವಿದ್ಯುತ್ ಗಿಟಾರಿನೊಡನೆ ಹಾಡಿದ ಸಿಸ್ಟರ್ ರೊಸೆಟ್ಟ ತಾರ್ಪ್ ರಾಕ್ ಅಂಡ್ ರೋಲ್‌ಗೆ ದಾರಿ ತೆರೆದರು. 1973ರಲ್ಲಿ ತೀರಿಕೊಂಡ ಅವರ ಸಮಾಧಿಗೆ ದಶಕಗಳ ಕಾಲ ಹೆಸರಿನ ಕಲ್ಲೂ ಇರಲಿಲ್ಲ. ರಾಕ್ ಗೌರವಪಟ್ಟಿಗೆ ಅವರು ಸೇರಿದ್ದು 2018ರಲ್ಲಿ. 'ಹೌಂಡ್ ಡಾಗ್' ಹಾಡು ಎಲ್ವಿಸ್ ಪ್ರೀಸ್ಲಿಯದೆಂದೇ ಬಹುಮಂದಿ ತಿಳಿದಿದ್ದಾರೆ. ಅದನ್ನು ಅವರಿಗಿಂತ ಮೊದಲು, 1952ರಲ್ಲಿ, ಮುದ್ರಿಸಿದವರು ಬಿಗ್ ಮಾಮ ಥಾರ್ನ್‌ಟನ್. ಚಕ್ ಬೆರಿ 1955ರಲ್ಲಿ 'ಮೇಬಲೀನ್' ಹಾಡನ್ನು ತಾವೇ ರಚಿಸಿದ್ದರೂ ತಟ್ಟೆ ಹೊರಬಂದಾಗ ಸಹರಚನಕಾರರೆಂದು ಇನ್ನಿಬ್ಬರ ಹೆಸರುಗಳಿದ್ದವು. ಅವರಲ್ಲೊಬ್ಬರು ಬಾನುಲಿಯಲ್ಲಿ ಹಾಡುಗಳನ್ನು ಪ್ರಸಾರ ಮಾಡುತ್ತಿದ್ದ ಅಲನ್ ಫ್ರೀಡ್. ಪೂರ್ಣ ಹಕ್ಕು ಬೆರಿಗೆ ಮರಳಿದ್ದು 1986ರಲ್ಲಿ.

ಜಾಝ್ ಮತ್ತು ಶಾಸ್ತ್ರೀಯ ಸಂಗೀತ

ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಜಾಝ್, ಮನೋಧರ್ಮ ಸಂಗೀತಕ್ಕೆ ಪ್ರಾಧಾನ್ಯ ಕೊಡುವ ಪ್ರಕಾರ. ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್, ಬಿಲಿ ಹಾಲಿಡೇ, ಚಾರ್ಲಿ ಪಾರ್ಕರ್, ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್ ಇದರ ಪ್ರಮುಖರು. ಕಪ್ಪು ಜನರನ್ನು ಗುಂಪುಗಟ್ಟಿ ಕೊಂದು ಮರಕ್ಕೆ ತೂಗುಹಾಕುತ್ತಿದ್ದ ಕ್ರೌರ್ಯವನ್ನು ಕುರಿತ 'ಸ್ಟ್ರೇಂಜ್ ಫ್ರೂಟ್' ಹಾಡನ್ನು ಮುದ್ರಿಸಲು ಬಿಲಿ ಹಾಲಿಡೇ ಅವರ ಕಂಪನಿ ಒಪ್ಪಲಿಲ್ಲ. 1939ರಲ್ಲಿ ಕಮಡೋರ್ ಎಂಬ ಚಿಕ್ಕ ಕಂಪನಿ ಅದನ್ನು ಹೊರತಂದಿತು.

ಫ್ಲಾರೆನ್ಸ್ ಪ್ರೈಸ್ ಅವರ ಮೊದಲ ಸಿಂಫನಿಯನ್ನು 1933ರಲ್ಲಿ ಶಿಕಾಗೊ ಸಿಂಫನಿ ವಾದ್ಯವೃಂದ ನುಡಿಸಿತು. ಪ್ರಮುಖ ವಾದ್ಯವೃಂದವೊಂದು ಕಪ್ಪು ಮಹಿಳೆಯ ಸಿಂಫನಿಯನ್ನು ನುಡಿಸಿದ್ದು ಅದೇ ಮೊದಲು. ಅವರ ಮರಣಾನಂತರ ಕೃತಿಗಳು ಮರೆಯಾದವು. 2009ರಲ್ಲಿ ಇಲಿನಾಯ್ ರಾಜ್ಯದ ಪಾಳುಬಿದ್ದ ಮನೆಯೊಂದರಲ್ಲಿ ಅವರ ಹಸ್ತಪ್ರತಿಗಳ ರಾಶಿ ದೊರೆಯಿತು. ಗಾಯಕಿ ಮೇರಿಯನ್ ಆ್ಯಂಡರ್‌ಸನ್ ಅವರಿಗೆ 1939ರಲ್ಲಿ ವಾಷಿಂಗ್ಟನ್ನಿನ ಸಭಾಂಗಣವೊಂದನ್ನು ನಿರಾಕರಿಸಿದಾಗ ಅವರು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಸುಮಾರು 75,000 ಜನರ ಮುಂದೆ ಹಾಡಿದರು.

ಸೋಲ್‌ನಿಂದ ಹಿಪ್ ಹಾಪ್‌ಗೆ

ಗಾಸ್ಪೆಲ್‌ನ ಗಾಯನಶೈಲಿ ಪ್ರೇಮಗೀತೆಗಳಿಗೆ ಇಳಿದು ಬಂದಾಗ ಸೋಲ್ ಹುಟ್ಟಿತು. ಸ್ಯಾಮ್ ಕುಕ್, ಅರೀಥ ಫ್ರ್ಯಾಂಕ್ಲಿನ್, ಓಟಿಸ್ ರೆಡ್ಡಿಂಗ್ ಇದರಲ್ಲಿ ಹೆಸರಾದವರು. 1959ರಲ್ಲಿ ಬೆರಿ ಗಾರ್ಡಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಡೆಟ್ರಾಯಿಟ್‌ನಲ್ಲಿ ಕಟ್ಟಿದ ಸಂಸ್ಥೆ ಮುಂದೆ ಮೋಟೌನ್ ಎಂದು ಪ್ರಸಿದ್ಧವಾಯಿತು. ಕಪ್ಪು ಒಡೆತನದಲ್ಲಿದ್ದುದೇ ಅದರ ವಿಶೇಷ. ಸ್ಟೀವಿ ವಂಡರ್, ಮಾರ್ವಿನ್ ಗೇ ಅಲ್ಲಿ ಬೆಳೆದವರು.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಜಮೈಕ ಮೂಲದ ಡಿಜೆ ಕೂಲ್ ಹರ್ಕ್ ತಂಗಿಯ ಸಂತೋಷಕೂಟದಲ್ಲಿ ತಟ್ಟೆ ನುಡಿಸಿದ್ದನ್ನು ಹಿಪ್ ಹಾಪ್‌ನ ಜನ್ಮದಿನವೆಂದು ಎಣಿಸುತ್ತಾರೆ. ಎರಡು ತಟ್ಟೆಗಳನ್ನು ಬಳಸಿ ಹಾಡಿನ ತಾಳವಾದ್ಯದ ಭಾಗವನ್ನೇ ಮತ್ತೆ ಮತ್ತೆ ನುಡಿಸುವುದು ಅವರ ತಂತ್ರ. ಹಳೆಯ ಹಾಡಿನ ತುಣುಕನ್ನು ಹೊಸ ಹಾಡಿಗೆ ಅಡಿಪಾಯವಾಗಿಸುವ ಈ ಪದ್ಧತಿ ಹೆಸರಿನ ಮತ್ತು ಹಣದ ಹಳೆಯ ಪ್ರಶ್ನೆಯನ್ನು ಹೊಸ ರೂಪದಲ್ಲಿ ಎಬ್ಬಿಸಿತು. ಜೇಮ್ಸ್ ಬ್ರೌನ್ ಅವರ 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ ಡ್ರಮ್ ತುಣುಕು ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿ ಮರುಬಳಕೆಯಾಯಿತು. ಆದರೆ ಹಾಡಿನ ಹಕ್ಕು ವಾದಕರದಲ್ಲವಾದ ಕಾರಣ ಅವರಿಗೆ ಅದರಿಂದ ರಾಯಲ್ಟಿ ಬರಲಿಲ್ಲ. 2018ರಲ್ಲಿ ಕೆಂಡ್ರಿಕ್ ಲಮಾರ್ ಅವರ 'ಡ್ಯಾಮ್' ಆಲ್ಬಮ್ಮಿಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ದೊರೆಯಿತು.

ಭಾರತದೊಂದಿಗೆ ನಂಟು

1935ರಲ್ಲಿ ಲಿಯೊನ್ ಆ್ಯಬಿ ಅವರ ಕಪ್ಪು ಜಾಝ್ ತಂಡ ಮುಂಬಯಿಯ ತಾಜ್ ಹೋಟೆಲಿನಲ್ಲಿ ನುಡಿಸಿತು. ಪಿಯಾನೊ ವಾದಕ ಟೆಡಿ ವೆದರ್‌ಫರ್ಡ್ ಕಲ್ಕತ್ತದಲ್ಲಿ ನೆಲೆಸಿ 1945ರಲ್ಲಿ ಅಲ್ಲಿಯೇ ತೀರಿಕೊಂಡರು. ಪಾಲ್ ರಾಬ್ಸನ್ ಹಾಡಿ ಪ್ರಸಿದ್ಧಗೊಳಿಸಿದ 'ಓಲ್ ಮ್ಯಾನ್ ರಿವರ್' ಗೀತೆಯಿಂದ ಪ್ರೇರಿತರಾಗಿ ಭೂಪೇನ್ ಹಜಾರಿಕಾ ಬ್ರಹ್ಮಪುತ್ರದ ದಡದ ಜನರ ಹಾಡನ್ನು ರಚಿಸಿದರು.

ಭಾರತದ ಶಾಲೆಗಳ ಮಕ್ಕಳು ಹಾಡುವ 'ಹಮ್ ಹೋಂಗೇ ಕಾಮ್ಯಾಬ್' ಗೀತೆಯ ಧಾಟಿ 'ವಿ ಶಲ್ ಓವರ್‌ಕಮ್' ಹಾಡಿನದು. ಕನ್ನಡದಲ್ಲಿಯೂ ಅದು ಶಾಲೆಗಳಲ್ಲಿ, ಚಳವಳಿಗಳ ಸಭೆಗಳಲ್ಲಿ ಬಳಕೆಯಲ್ಲಿದೆ. 1945ರಲ್ಲಿ ದಕ್ಷಿಣ ಕರೊಲಿನದ ಚಾರ್ಲ್ಸ್‌ಟನ್‌ನಲ್ಲಿ ಮುಷ್ಕರ ಹೂಡಿದ ತಂಬಾಕು ಕಾರ್ಖಾನೆಯ ಕೆಲಸಗಾರರು, ಬಹುಪಾಲು ಕಪ್ಪು ಮಹಿಳೆಯರು, ಹಳೆಯ ಚರ್ಚ್ ಹಾಡನ್ನು ಮುಷ್ಕರದ ಹಾಡಾಗಿ ಮಾರ್ಪಡಿಸಿ ಹಾಡಿದರು. ಅನಂತರ ಅದಕ್ಕೆ ಹಕ್ಕುಸ್ವಾಮ್ಯ ನೋಂದಣಿಯಾಯಿತು. ನ್ಯಾಯಾಲಯದ ವ್ಯಾಜ್ಯವೊಂದು ರಾಜಿಯಾಗಿ ಹಾಡು ಸಾರ್ವಜನಿಕ ಸ್ವತ್ತಾದುದು 2018ರಲ್ಲಿ. ಹಾಡುವ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಮೂಲವನ್ನು ತಿಳಿಸಲಾಗುತ್ತದೆ ಎಂಬುದು ಬೇರೆ ಮಾತು.

1977ರಲ್ಲಿ ವಾಯೇಜರ್ ನೌಕೆಗಳೊಡನೆ ಬಾಹ್ಯಾಕಾಶಕ್ಕೆ ಕಳುಹಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ಬ್ಲೈಂಡ್ ವಿಲಿ ಜಾನ್ಸನ್, ಲೂಯಿ ಆರ್ಮ್‌ಸ್ಟ್ರಾಂಗ್ ಮತ್ತು ಚಕ್ ಬೆರಿ ಇದ್ದಾರೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ.

ಕೇಳಲು ಆರಂಭಿಸುವವರಿಗೆ

ಹೊಸ ಕೇಳುಗರಿಗೆ ಕಾಲಾನುಕ್ರಮ ಒಳ್ಳೆಯ ದಾರಿಯಲ್ಲ. 1920ರ ದಶಕದ ತಟ್ಟೆಗಳ ಕರಕರ ಸದ್ದು ಮೊದಲಿಗೇ ಅಡ್ಡಬರುತ್ತದೆ. ಮಹಾಲಿಯ ಜಾಕ್ಸನ್ ಮತ್ತು ಸ್ಯಾಮ್ ಕುಕ್ ಅವರ ಧ್ವನಿಗಳಿಂದ ತೊಡಗುವುದು ಸುಲಭ. ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' (1959) ಒಂದೊಂದು ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ನಿಂತು ಅದನ್ನು ಬೆಳೆಸುವುದರಿಂದ ರಾಗವಿಸ್ತಾರಕ್ಕೆ ಒಗ್ಗಿದ ಕಿವಿಗೆ ಹತ್ತಿರವಾಗುತ್ತದೆ. ಆಲಿಸ್ ಕೋಲ್ಟ್ರೇನ್ ಅವರ 'ಜರ್ನಿ ಇನ್ ಸಚ್ಚಿದಾನಂದ' (1971) ಆಲ್ಬಮ್ಮಿನಲ್ಲಿ ತಂಬೂರಿಯ ಶ್ರುತಿಯೇ ಇದೆ. ರೇ ಚಾರ್ಲ್ಸ್ ಅವರ 1962ರ ಕಂಟ್ರಿ ಆಲ್ಬಮ್ಮನ್ನು ರಿಯಾನನ್ ಗಿಡನ್ಸ್ ಅವರ ಹಾಡುಗಳ ಪಕ್ಕದಲ್ಲಿಟ್ಟು ಕೇಳಬಹುದು. ಹಿಪ್ ಹಾಪ್‌ಗೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ 'ದ ಮೆಸೇಜ್' (1982) ಮತ್ತು ಲಾರಿನ್ ಹಿಲ್ ಅವರ 1998ರ ಆಲ್ಬಮ್ ಒಳ್ಳೆಯ ಪ್ರವೇಶ.

ಇಷ್ಟು ಕೇಳಿದ ಮೇಲೆ ಹಳೆಯ ತಟ್ಟೆಗಳಿಗೆ ಹೋಗಬಹುದು. 1925ರಲ್ಲಿ ಬೆಸ್ಸಿ ಸ್ಮಿತ್ ಹಾಡಿದ 'ಸೇಂಟ್ ಲೂಯಿಸ್ ಬ್ಲೂಸ್' ಮೂರೇ ನಿಮಿಷಗಳದು. ಅವರು ಒಂದೊಂದು ಸಾಲು ಮುಗಿಸಿದಾಗಲೂ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಕಾರ್ನೆಟ್ ಎಂಬ ತುತ್ತೂರಿಯಿಂದ ಉತ್ತರ ಕೊಡುತ್ತಾರೆ. ಹಿಂದೆ ಕೇಳುವ ಶ್ರುತಿ ಹಾರ್ಮೋನಿಯಮ್ಮಿನದು.