ವ್ಯಾಪಾರ ಕುಗ್ಗಿದರೂ ಹುರುಪು ಕುಗ್ಗದಿರಲಿ

ಹೋಟೆಲುದ್ಯಮದಲ್ಲಿರುವ ನಮಗೆ ಏರಿಳಿತ ಹೊಸತೇನಲ್ಲ. ಮಕ್ಕಳ ಪರೀಕ್ಷೆಯ ದಿನಗಳು, ಜನರೆಲ್ಲ ಊರಿಗೆ ಹೋಗುವ ಮೇ ತಿಂಗಳು, ರಸ್ತೆಯಲ್ಲಿ ನೀರು ನಿಲ್ಲುವ ಮಳೆಗಾಲ, ಇವೆಲ್ಲ ನಮ್ಮ ಲೆಕ್ಕದಲ್ಲಿ ಮೊದಲೇ ಇರುತ್ತವೆ. ಆದರೆ ಇಡೀ ಮಾರುಕಟ್ಟೆಯೇ ಮಂಕಾದಾಗ ಮಾತು ಬೇರೆ. ದೋಸೆ ತಿಂದು ಕಾಫಿ ಕುಡಿಯುತ್ತಿದ್ದ ಗಿರಾಕಿ ದೋಸೆಯನ್ನು ಬಿಟ್ಟು ಬರೀ ಕಾಫಿ ಕುಡಿದು ಏಳುತ್ತಾನೆ. ಆಫೀಸಿನವರು ಮನೆಯಿಂದ ಡಬ್ಬಿ ತರತೊಡಗುತ್ತಾರೆ. ದಿನಸಿಯ ಬೆಲೆಯಾಗಲಿ ಅಂಗಡಿಯ ಬಾಡಿಗೆಯಾಗಲಿ ನಮ್ಮ ಕಷ್ಟ ನೋಡಿ ಇಳಿಯುವುದಿಲ್ಲ.

ಇಂಥ ಹೊತ್ತಿನಲ್ಲಿ ಮೊದಲು ಬಾಡುವುದು ಗಲ್ಲಾದಲ್ಲಿ ಕುಳಿತವರ ಮುಖ. ಅದನ್ನು ನೋಡಿ ಸಪ್ಲೈಯರ್ ಹುಡುಗ ಬೇರೆ ಕೆಲಸ ಹುಡುಕುತ್ತಾನೆ, ಭಟ್ಟರ ಕೈ ಸೋಲುತ್ತದೆ, ಸಾಂಬಾರು ತೆಳುವಾಗುತ್ತದೆ. ವ್ಯಾಪಾರ ಕುಗ್ಗಿ ಹೋಟೆಲು ಮುಚ್ಚುವುದಕ್ಕಿಂತ ಮೊದಲೇ ಹುರುಪು ಕುಗ್ಗಿ ಹೋಟೆಲು ಸೋಲುತ್ತದೆ. ಹುರುಪು ಎಂದರೆ ಬರೀ ಧೈರ್ಯದ ಮಾತಲ್ಲ. ನಿತ್ಯದ ಲೆಕ್ಕ ತಿಳಿದಿರಬೇಕು, ರುಚಿ ಕಾಯಬೇಕು, ಜತೆಯವರಿಗೆ ನಿಜ ಹೇಳಬೇಕು. ಈ ಮೂರೂ ಇದ್ದಲ್ಲಿ ಹುರುಪು ತಾನಾಗಿ ನಿಲ್ಲುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಹಿರಿಯರು ದಾಟಿದ ಹೊಳೆ

ನಮ್ಮ ಹಿರಿಯರು ಕಂಡ ಕಷ್ಟಗಳನ್ನು ಒಮ್ಮೆ ನೆನೆಯೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರವಾಯಿತು. ಅಕ್ಕಿಯಿಲ್ಲದೆ ಇಡ್ಲಿಯ ಹೋಟೆಲು ನಡೆಯುವುದು ಹೇಗೆ? ಉಡುಪಿ ಕಡೆಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಎಂ.ಟಿ.ಆರ್.ನಲ್ಲಿ ಆಗ ರವೆಯಿಂದ ಇಡ್ಲಿ ಮಾಡಿ ನೋಡಿದರು. ಇಂದು ನಮ್ಮೆಲ್ಲರ ದರಪಟ್ಟಿಯಲ್ಲಿರುವ ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂದು ಆ ಸಂಸ್ಥೆಯವರು ಹೇಳುತ್ತಾರೆ. 1975ರ ತುರ್ತು ಪರಿಸ್ಥಿತಿಯಲ್ಲಿ ಸರಕಾರ ತಿಂಡಿಗಳಿಗೆ ತೀರಾ ಕಡಿಮೆ ದರ ಗೊತ್ತುಮಾಡಿದಾಗ, ಗುಣಮಟ್ಟ ಇಳಿಸಲು ಒಪ್ಪದೆ ಅವರು ಹೋಟೆಲಿನ ಬಾಗಿಲನ್ನೇ ಹಾಕಿದರು. ಆದರೆ ಕೈಕಟ್ಟಿ ಕೂರಲಿಲ್ಲ. ಮಸಾಲೆ ಪುಡಿ, ದಿಢೀರ್ ಮಿಕ್ಸ್‌ಗಳ ವ್ಯಾಪಾರ ಹಿಡಿದರು. ಅದು ದೇಶಕ್ಕೇ ಪರಿಚಿತವಾಯಿತು. ಮುಂದೆ ಹೋಟೆಲೂ ಮತ್ತೆ ತೆರೆಯಿತು.

ಮುಂಬಯಿಯ ಕಥೆ ಇನ್ನೂ ಹತ್ತಿರದ್ದು. 1982ರ ಜನವರಿ 18ರಂದು ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಪರೇಲ್, ಲಾಲ್‌ಬಾಗ್, ವರ್ಲಿ ಕಡೆ ಪಾಳಿಯ ಭೋಂಗಾ ಕೇಳಿ ಚಹಾ ಕುದಿಸುತ್ತಿದ್ದ ಹೋಟೆಲುಗಳಿಗೆ ಗಿರಾಕಿಯೇ ಇಲ್ಲವಾಯಿತು. ಅನೇಕ ಗಿರಣಿಗಳು ಮತ್ತೆಂದೂ ತೆರೆಯಲಿಲ್ಲ. ಮುಂದೆ ಅದೇ ಜಾಗದಲ್ಲಿ ಆಫೀಸು, ಮಾಲುಗಳು ಎದ್ದವು. ಬೆಳಗಿನ ಪಾಳಿಯ ಚಹಾ ಹೋಗಿ ಮಧ್ಯಾಹ್ನದ ರೈಸ್ ಪ್ಲೇಟ್, ಸಂಜೆಯ ಪಾರ್ಸೆಲ್ ಬಂತು. ಹಳೆಯ ಗಿರಾಕಿ ಮರಳಿ ಬರಲೆಂದು ಕಾದವರಿಗೆ ಅಲ್ಲಿ ಉಳಿವಿರಲಿಲ್ಲ. ಹೊಸ ಗಿರಾಕಿಗೆ ಏನು ಬೇಕೆಂದು ನೋಡಿದವರಿಗೆ ಮಾತ್ರ ದಾರಿಯಿತ್ತು.

2020ರ ಲಾಕ್‌ಡೌನನ್ನು ಯಾರೂ ಮರೆತಿಲ್ಲ. ಮಹಾರಾಷ್ಟ್ರದಲ್ಲಿ ಕುಳಿತು ತಿನ್ನಲು ಅನುಮತಿ ಸಿಕ್ಕಿದ್ದೇ ಆ ವರ್ಷದ ಅಕ್ಟೋಬರ್ 5ರಂದು, ಅದೂ ಅರ್ಧ ಆಸನಗಳಿಗೆ. ಅದನ್ನೂ ದಾಟಿ ಇಂದು ಶಟರ್ ಎತ್ತುತ್ತಿರುವವರು ನಾವು.

ಹೆದರಿಕೆ ಬೇರೆ, ಲೆಕ್ಕ ಬೇರೆ

ವ್ಯಾಪಾರ ಇಳಿದಾಗ ನಮ್ಮನ್ನು ಹೆಚ್ಚು ಕಾಡುವುದು ನಷ್ಟವಲ್ಲ, ನಷ್ಟವೆಷ್ಟೆಂದು ತಿಳಿಯದಿರುವುದು. ಒಂದು ಉದಾಹರಣೆ ನೋಡೋಣ. ಒಂದು ಸಣ್ಣ ಹೋಟೆಲಿಗೆ ತಿಂಗಳಿಗೆ ಬಾಡಿಗೆ 75,000, ಪಗಾರ 1,50,000, ವಿದ್ಯುತ್ತು-ನೀರು 20,000, ಸಾಲದ ಕಂತು 25,000, ಮಾಲೀಕರ ಮನೆಖರ್ಚು 30,000 ಎಂದಿಟ್ಟುಕೊಳ್ಳಿ. ಒಟ್ಟು 3 ಲಕ್ಷ. ಗಿರಾಕಿ ಬರಲಿ ಬಿಡಲಿ, ದಿನಕ್ಕೆ 10,000 ರೂಪಾಯಿ ಬೇಕೇ ಬೇಕು. 100 ರೂಪಾಯಿ ವ್ಯಾಪಾರದಲ್ಲಿ 40 ರೂಪಾಯಿ ದಿನಸಿ, ತರಕಾರಿ, ಹಾಲು, ಗ್ಯಾಸಿಗೆ ಹೋದರೆ ಉಳಿಯುವುದು 60. ಹಾಗಾದರೆ ದಿನಕ್ಕೆ ಸುಮಾರು 16,700 ರೂಪಾಯಿ ವ್ಯಾಪಾರವಾದರೆ ಸರಿಸಮ.

22,000 ಆಗುತ್ತಿದ್ದ ವ್ಯಾಪಾರ 18,000ಕ್ಕೆ ಇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಲೆಕ್ಕ ನೋಡಿದರೆ ಆ ದಿನವೂ 800 ರೂಪಾಯಿ ಉಳಿದಿದೆ, ಹೋಟೆಲು ನಿಂತಿದೆ. 15,000ಕ್ಕೆ ಇಳಿದರೆ ದಿನಕ್ಕೆ 1,000ದಂತೆ ತಿಂಗಳಿಗೆ 30,000 ಕೊರತೆ. ಆಗ ಎಷ್ಟು ತಿಂಗಳು ತಡೆಯಬಲ್ಲೆವೆಂದು ಎಣಿಸಿ, ಬಾಡಿಗೆ ಬಾಕಿ ಬೀಳುವ ಮೊದಲೇ ಜಾಗದ ಮಾಲೀಕರೊಡನೆ, ಕಂತು ತಪ್ಪುವ ಮೊದಲೇ ಬ್ಯಾಂಕಿನೊಡನೆ ಮಾತಾಡಬೇಕು. ಬಾಕಿ ಬಿದ್ದ ಮೇಲೆ ಆಡುವ ಮಾತಿಗೆ ಬೆಲೆ ಕಡಿಮೆ.

ಜಿಎಸ್‌ಟಿಯ ಬಗ್ಗೆಯೂ ಒಂದು ಮಾತು. 2017ರ ನವೆಂಬರಿನಿಂದ ನಮ್ಮಂಥ ಹೋಟೆಲುಗಳಿಗೆ ಶೇಕಡಾ 5ರ ದರವಿದೆ, ಆದರೆ ಸಾಮಾನು ಕೊಳ್ಳುವಾಗ ತೆತ್ತ ತೆರಿಗೆ ನಮಗೆ ಜಮೆಯಾಗುವುದಿಲ್ಲ. ಅದನ್ನೂ ಖರ್ಚಿಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ದರ ಇಳಿಸುವ ಮುನ್ನ

ಗಿರಾಕಿ ಕಡಿಮೆಯಾದೊಡನೆ ದರ ಇಳಿಸುವ ಮನಸ್ಸಾಗುವುದು ಸಹಜ. 60 ರೂಪಾಯಿಯ ದೋಸೆಗೆ ಸಾಮಾನಿನ ಖರ್ಚು 24 ಎಂದಾದರೆ ಉಳಿಯುವುದು 36. ದರ 50ಕ್ಕೆ ಇಳಿಸಿದರೆ ಉಳಿಯುವುದು 26 ಮಾತ್ರ. ಮೊದಲು 100 ದೋಸೆಯಲ್ಲಿ ಸಿಗುತ್ತಿದ್ದ 3,600 ರೂಪಾಯಿ ಸಿಗಬೇಕಾದರೆ ಈಗ 139 ದೋಸೆ ಹೋಗಬೇಕು. ಮಂದ ಕಾಲದಲ್ಲಿ ಆ 39 ಗಿರಾಕಿಗಳು ಎಲ್ಲಿಂದ ಬರಬೇಕು?

2013ರಲ್ಲಿ ಚೆನ್ನೈಯಲ್ಲಿ ಅಮ್ಮಾ ಉಣವಗಂ ತೆರೆದಾಗ ಇಡ್ಲಿಯ ಬೆಲೆ ಒಂದು ರೂಪಾಯಿ. ಅದರೊಡನೆ ಬೆಲೆಯಲ್ಲಿ ಸ್ಪರ್ಧಿಸುವುದು ಯಾವ ಹೋಟೆಲಿಗೂ ಸಾಧ್ಯವಿರಲಿಲ್ಲ. ಆದರೂ ಚೆನ್ನೈಯ ಟಿಫಿನ್ ಹೋಟೆಲುಗಳಿಗೆ ಜನ ಬರುವುದು ನಿಲ್ಲಲಿಲ್ಲ. ಬಿಸಿ ಇಡ್ಲಿ, ಚಟ್ನಿಯ ಹದ, ಒರೆಸಿದ ಟೇಬಲ್, ಕುಳಿತಲ್ಲಿಗೆ ಬರುವ ನೀರು, ಹೆಸರು ಹಿಡಿದು ಮಾತಾಡಿಸುವ ಮಾಲೀಕ, ಇವಕ್ಕೆ ಜನ ದುಡ್ಡು ಕೊಡುತ್ತಾರೆ.

ಆದ್ದರಿಂದ ಬೇಳೆ, ತುಪ್ಪ, ಕಾಫಿಪುಡಿಗೆ ಕೈ ಹಾಕುವ ಮೊದಲು ಬೇರೆ ಕಡೆ ನೋಡೋಣ. ದರಪಟ್ಟಿಯಲ್ಲಿ 80 ಐಟಂ ಇದ್ದು 30 ಮಾತ್ರ ಹೋಗುತ್ತಿದ್ದರೆ ಉಳಿದವುಗಳಲ್ಲಿ ಹೆಚ್ಚಿನವನ್ನು ತೆಗೆಯಬಹುದು. ರಾತ್ರಿ ಉಳಿದ ಹಿಟ್ಟು, ಚೆಲ್ಲಿದ ಅನ್ನವನ್ನು ಒಂದು ವಾರ ತೂಕ ಮಾಡಿ ಬರೆದಿಟ್ಟರೆ ದುಡ್ಡು ಎಲ್ಲಿ ಸೋರುತ್ತಿದೆ ಎಂದು ಕಾಣುತ್ತದೆ. ಕಡಿಮೆ ದುಡ್ಡಿನ ಗಿರಾಕಿಗೆ ಸಣ್ಣ ಪ್ಲೇಟ್ ಮಾಡಬಹುದು. ರುಚಿ ಮಾತ್ರ ಅದೇ ಇರಬೇಕು.

ಹುಡುಗರಿಗೆ ನಿಜ ಹೇಳೋಣ

ಹೋಟೆಲಿನ ಕಷ್ಟ ಹುಡುಗರಿಗೆ ತಿಳಿಯಬಾರದು ಎಂದು ನಮ್ಮಲ್ಲಿ ಕೆಲವರು ಭಾವಿಸುತ್ತಾರೆ. ಆದರೆ ಖಾಲಿ ಟೇಬಲ್ ಅವರಿಗೂ ಕಾಣುತ್ತದೆ. ನಾವು ಹೇಳದಿದ್ದರೆ ಅವರು ಊಹಿಸುತ್ತಾರೆ, ಊಹೆ ಯಾವಾಗಲೂ ನಿಜಕ್ಕಿಂತ ದೊಡ್ಡದು. ವಾರಕ್ಕೊಮ್ಮೆ ಮಧ್ಯಾಹ್ನದ ಚಹಾದ ಹೊತ್ತಿಗೆ ಎಲ್ಲರನ್ನೂ ಕೂರಿಸಿ, 'ಈ ವಾರ ಇಷ್ಟಾಯಿತು, ಇಷ್ಟು ಆಗಬೇಕಿತ್ತು, ಪಗಾರ ತಾರೀಕಿಗೆ ಸರಿಯಾಗಿ ಬರುತ್ತದೆ' ಎಂದು ಹೇಳಿ. ಹೇಳಿದ ಮೇಲೆ ಪಗಾರ ತಪ್ಪಬಾರದು. ಊರಿನಲ್ಲಿ ಆ ಹಣವನ್ನೇ ಕಾಯುವ ಮನೆಯಿದೆ.

ಗಿರಾಕಿ ಏನು ಕೇಳಿ ಸಿಗದೆ ಹೋದ, ಯಾವ ಪಲ್ಯ ಎಲೆಯಲ್ಲೇ ಉಳಿಯಿತು ಎಂಬುದು ಮಾಲೀಕರಿಗಿಂತ ಸಪ್ಲೈಯರಿಗೂ ಟೇಬಲ್ ಒರೆಸುವವನಿಗೂ ಚೆನ್ನಾಗಿ ಗೊತ್ತು. ಅವರನ್ನು ಕೇಳೋಣ. ಅವರು ಹೇಳಿದ ಒಂದು ಐಟಂ ಮಾಡಿ ನೋಡೋಣ. ಹಗಲು ಕಪ್ಪು ಬಸಿ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಮಾಲೀಕರಾದವರು ಮುಂಬಯಿಯ ನಮ್ಮ ಸಮಾಜದಲ್ಲಿ ಒಬ್ಬಿಬ್ಬರಲ್ಲ. ತನಗೂ ಇಲ್ಲಿ ಒಂದು ನಾಳೆ ಇದೆ ಎಂದು ಅಂದು ಆ ಹುಡುಗರಿಗೆ ಅನ್ನಿಸಿತ್ತು. ಇಂದಿನ ಹುಡುಗರಿಗೂ ಹಾಗೆ ಅನ್ನಿಸಬೇಕು. ಈಗ ಅವರಲ್ಲಿ ಹಲವರು ಒಡಿಶಾ, ಬಂಗಾಳ, ಉತ್ತರ ಪ್ರದೇಶದವರಾದರೂ ಮಾತು ಅದೇ.

ನಮ್ಮೊಳಗಿನ ಮಾತು

ಕೊನೆಗೆ ಮಾಲೀಕರಾದ ನಮ್ಮ ಬಗ್ಗೆ. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಗಲ್ಲಾದಲ್ಲೇ ಕುಳಿತವರಿಗೆ ಚಿಂತೆಯಲ್ಲದೆ ಬೇರೇನೂ ತೋಚುವುದಿಲ್ಲ. ವಾರಕ್ಕೆ ಅರ್ಧ ದಿನವಾದರೂ ಹೊರಗೆ ಬಂದು ಬೇರೆ ಹೋಟೆಲು ನೋಡಿ, ಗೆಳೆಯರೊಡನೆ ಮಾತಾಡಬೇಕು. ಪಕ್ಕದ ರಸ್ತೆಯ ಹೋಟೆಲಿನವರು ಸ್ಪರ್ಧಿಗಳು ನಿಜ, ಆದರೆ ಎಣ್ಣೆ, ಅಕ್ಕಿ, ಬೇಳೆಯನ್ನು ನಾಲ್ಕು ಮಂದಿ ಸೇರಿ ಸಗಟು ಕೊಂಡರೆ ನಾಲ್ವರಿಗೂ ಉಳಿತಾಯ. ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟು ಊರಿಗೆ ಹೋಗೋಣವೆಂಬ ಯೋಚನೆ ಬಂದಾಗಲೂ, ನಿರ್ಧಾರಕ್ಕೆ ಮೊದಲು ಮೇಲಿನ ಲೆಕ್ಕವನ್ನು ಒಮ್ಮೆ ಬರೆದು, ಅನುಭವಿಗಳ ಮುಂದಿಟ್ಟು ನೋಡುವುದು ಒಳ್ಳೆಯದು. ಲೆಕ್ಕವೇ ಬೇಡವೆಂದರೆ ಮುಚ್ಚುವುದರಲ್ಲಿ ಅವಮಾನವಿಲ್ಲ. ಹೆದರಿ ಮುಚ್ಚಬಾರದು, ಅಷ್ಟೆ.

ಮಂದಿಯ ಕಾಲವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ನಾಳೆ ಬೆಳಿಗ್ಗೆ ಮೊದಲ ಗಿರಾಕಿಗೆ ಬಿಸಿ ಇಡ್ಲಿ, ಹದವಾದ ಕಾಫಿ ಮತ್ತು ಒಂದು ನಗು ಕೊಡುವುದು ಖಂಡಿತ ನಮ್ಮ ಕೈಯಲ್ಲಿದೆ. ಅಲ್ಲಿಂದಲೇ ಆರಂಭಿಸೋಣ.