ನೀಲಿಹಕ್ಕಿ ಯಾರ ಸೊತ್ತು?

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನ ಫುಟ್‌ಬಾಲ್ ತಂಡ ಶತಮಾನ ಕಾಲ ನೀಲಿ ಪೋಷಾಕಿನಲ್ಲಿ ಆಡಿತ್ತು. ಅಭಿಮಾನಿಗಳ ಬಾಯಲ್ಲಿ ಅದು ‘ನೀಲಿಹಕ್ಕಿಗಳ’ ತಂಡ. ಲಾಂಛನದಲ್ಲಿಯೂ ಆ ಹಕ್ಕಿಯೇ ಇತ್ತು. 2012ರಲ್ಲಿ ಕ್ಲಬ್ಬಿನ ಮಾಲೀಕ, ಮಲೇಷ್ಯಾದ ಉದ್ಯಮಿ ವಿನ್ಸೆಂಟ್ ಟಾನ್ ಪೋಷಾಕನ್ನು ಕೆಂಪಾಗಿಸಿದರು. ಲಾಂಛನದ ನಡುವೆ ಕೆಂಪು ಡ್ರ್ಯಾಗನ್ ಬಂದು ಕುಳಿತಿತು. ಹಕ್ಕಿ ಪುಟ್ಟದಾಗಿ ಕೆಳಗೆ ಸರಿಯಿತು. ಹೊರದೇಶಗಳ ಮಾರುಕಟ್ಟೆಯನ್ನು ಒಲಿಸಿಕೊಳ್ಳುವ ಲೆಕ್ಕಾಚಾರ ಇದರ ಹಿಂದಿತ್ತು.

ಡ್ರ್ಯಾಗನ್ ಅಲ್ಲಿಯವರಿಗೆ ಪರಕೀಯವೇನಲ್ಲ. ವೇಲ್ಸ್‌ನ ಧ್ವಜದಲ್ಲಿರುವುದೂ ಅದೇ. ಕೆಂಪು ತೊಟ್ಟೇ ತಂಡ 2013ರಲ್ಲಿ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆಯಿತು. ಆದರೂ ಪ್ರತಿಭಟನೆ ಅಡಗಲಿಲ್ಲ. 2015ರ ಜನವರಿಯಲ್ಲಿ ನೀಲಿ ಮರಳಿತು. ಅದೇ ವರ್ಷ ಪ್ರಕಟವಾದ ಲಾಂಛನದಲ್ಲಿ ಹಕ್ಕಿಗೆ ಮತ್ತೆ ಮುಖ್ಯಸ್ಥಾನ ದೊರೆಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದರಲ್ಲೊಂದು ಪಾಠ ಕಾಣುತ್ತದೆ. ಲಾಂಛನದ ಕಾನೂನುಬದ್ಧ ಒಡೆತನ ಷೇರುದಾರರದು. ಆದರೆ ಅದಕ್ಕೆ ಬೆಲೆ ತಂದವರು, ತಂಡ ಸೋಲುತ್ತಿದ್ದಾಗಲೂ ಟಿಕೆಟ್ ಕೊಂಡು ಬಂದ ತಲೆಮಾರುಗಳು. ಈ ಬಂಡವಾಳ ಯಾವ ಆಸ್ತಿಪಟ್ಟಿಯಲ್ಲಿಯೂ ನಮೂದಾಗುವುದಿಲ್ಲ. ಸರ್ಕಾರಿ ಸೇವೆಯಲ್ಲಿದ್ದಾಗ ಹೆಸರು, ಚಿಹ್ನೆಗಳನ್ನು ಬದಲಿಸುವ ಕಡತಗಳು ನನ್ನ ಮೇಜಿಗೂ ಬರುತ್ತಿದ್ದವು. ಅವುಗಳಲ್ಲಿ ವೆಚ್ಚದ ಅಂದಾಜು ಇರುತ್ತಿತ್ತು. ಅದನ್ನು ತಮ್ಮದೆಂದು ಭಾವಿಸಿದ್ದ ಜನರ ಅಭಿಪ್ರಾಯಕ್ಕೆ ಮಾತ್ರ ಒಂದು ಕಾಲಂ ಇರುತ್ತಿರಲಿಲ್ಲ.